ಪ್ರಮಾಣಿಸಿ ನೋಡು: ಕಾದಂಬರಿ ಓದುವ ಹುಡುಗಿಯರಿಗೆ ಒಂದು ಪಾಠ

ಹೆಣ್ಣುಮಕ್ಕಳು ಕಾದಂಬರಿಗಳನ್ನು ಓದಬಹುದೇ, ಕೂಡದೇ ಎಂಬ ಪ್ರಶ್ನೆಯನ್ನು ತಾಯಿತಂದೆಗಳು ಪ್ರತಿವರ್ಷವೂ ನಮ್ಮನ್ನು ಕೇಳುತ್ತಾರೆ. ಅವುಗಳಲ್ಲಿ ಎರಡು ಬಗೆಯ ಪುಸ್ತಕಗಳ ವಿಷಯವಾಗಿ ಅವರಿಗೆ ಹೆಚ್ಚಿನ ಅಂಜಿಕೆ. ಒಂದು, ಕೊಲೆ ಕಳವುಗಳನ್ನು ಕುರಿತ ಪತ್ತೇದಾರಿ ಕಾದಂಬರಿ. ಇನ್ನೊಂದು, ಪ್ರಣಯ ಕಾದಂಬರಿ. ಮೊದಲನೆಯದು ಮನಸ್ಸನ್ನು ಕಲ್ಲಾಗಿಸುವುದೆಂದೂ, ಎರಡನೆಯದು ಅದನ್ನು ಚಂಚಲಗೊಳಿಸುವುದೆಂದೂ ಅವರ ಅಭಿಪ್ರಾಯ. ಹುಡುಗಿಯರಾದರೋ ಈ ಎರಡು ಬಗೆಯವುಗಳನ್ನೇ ಎಲ್ಲಕ್ಕಿಂತ ಹೆಚ್ಚಾಗಿ ಓದುತ್ತಾರೆ. ಪಾಠಪುಸ್ತಕದ ಮರೆಯಲ್ಲಿ ಓದುತ್ತಾರೆ, ದಿಂಬಿನ ಕೆಳಗಿಟ್ಟು ಓದುತ್ತಾರೆ, ಈಗೀಗ ಮೊಬೈಲಿನ ಪರದೆಯಲ್ಲಿಯೂ ಓದುತ್ತಾರೆ. ನಾವು ಚಿಕ್ಕವರಿದ್ದಾಗ ಹಾಗೆಯೇ ಓದಿದವರು. ಇಂದಿಗೂ ಆ ರುಚಿಯನ್ನು ಬಿಟ್ಟವರಲ್ಲ. ಆದಕಾರಣ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆಯಬೇಕೆಂದಾಗ ಈ ವಿಷಯವನ್ನೇ ಆರಿಸಿಕೊಂಡೆವು.

ಓದಬೇಕೇ ಬೇಡವೇ ಎಂಬುದಕ್ಕಿಂತ ಹೇಗೆ ಓದಬೇಕು ಎಂಬುದೇ ಮುಖ್ಯವೆಂದು ನಮಗೆ ತೋರುತ್ತದೆ. ಇದನ್ನು ನಾವು ಯಾವ ತರಬೇತಿ ಶಾಲೆಯಲ್ಲಿಯೂ ಕಲಿಯಲಿಲ್ಲ; ನಮ್ಮಿಂದಲೇ ಆದ ಒಂದು ದೊಡ್ಡ ತಪ್ಪಿನಿಂದ ಕಲಿತೆವು. ಅದನ್ನು ಮೊದಲು ಹೇಳುವುದೇ ನ್ಯಾಯ.

೧. ನಮ್ಮಿಂದಾದ ತಪ್ಪು

ಬಹಳ ವರ್ಷಗಳ ಹಿಂದೆ, ನಾವು ಬೇರೊಂದು ಊರಿನ ಶಾಲೆಯಲ್ಲಿ ವಸತಿಗೃಹದ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತಿದ್ದಾಗ, ಪ್ರವಾಸಕ್ಕೆಂದು ಹುಡುಗಿಯರಿಂದ ಕೂಡಿಸಿದ ಹಣದ ಲಕೋಟೆಯು ಒಬ್ಬ ಉಪಾಧ್ಯಾಯಿನಿಯ ಕಪಾಟಿನಿಂದ ಕಾಣೆಯಾಯಿತು. ಆ ಸಾಯಂಕಾಲ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು ಆ ಕೋಣೆಯ ಕಡೆಯಿಂದ, ಸೆರಗಿನ ಅಡಿಯಲ್ಲಿ ಏನನ್ನೋ ಅಡಗಿಸಿಕೊಂಡು, ಅವಸರವಾಗಿ ಹೋದದ್ದನ್ನು ಇಬ್ಬರು ಕಂಡಿದ್ದರು. ಅವಳು ಬಡವರ ಮಗಳು. ಪ್ರವಾಸದ ಹಣವನ್ನು ಅವಳೊಬ್ಬಳೇ ಕೊಟ್ಟಿರಲಿಲ್ಲ. ಕರೆದು ಕೇಳಿದೆವು. ತಾನು ಕದಿಯಲಿಲ್ಲವೆಂದಳು. ಹಾಗಾದರೆ ಸೆರಗಿನಲ್ಲಿ ಏನಿತ್ತೆಂದು ಕೇಳಿದಾಗ ಮಾತ್ರ ತಲೆ ತಗ್ಗಿಸಿ ಸುಮ್ಮನೆ ನಿಂತಳು. ಆ ಮೌನವೇ ತಪ್ಪೊಪ್ಪಿಗೆಯೆಂದು ನಾವು ತಿಳಿದೆವು. ತರಗತಿಯ ಎದುರಿಗೆ ಅವಳಿಗೆ ಬುದ್ಧಿ ಹೇಳಿದೆವು. ತಂದೆಗೆ ಕಾಗದ ಬರೆದೆವು. ಆತನು ಮರುದಿನವೇ ಬಂದು, ಯಾರೊಡನೆಯೂ ಮಾತನಾಡದೆ, ಮಗಳ ಪೆಟ್ಟಿಗೆಯನ್ನು ಹೊತ್ತು ಕರೆದುಕೊಂಡು ಹೋದನು.

ಮೂರನೆಯ ದಿನ ಆ ಲಕೋಟೆಯು ಹಳೆಯ ಹಾಜರಿ ಪುಸ್ತಕದೊಳಗೆ ಸಿಕ್ಕಿತು. ಉಪಾಧ್ಯಾಯಿನಿಯೇ ಅದರಲ್ಲಿಟ್ಟು ಮರೆತಿದ್ದರು; ಪುಸ್ತಕವು ಕಚೇರಿಗೆ ಹೋಗಿತ್ತು. ಸೆರಗಿನ ಅಡಿಯಲ್ಲಿದ್ದದ್ದು ಒಂದು ಪ್ರಣಯ ಕಾದಂಬರಿ. ವಸತಿಗೃಹದಲ್ಲಿ ಅಂಥ ಪುಸ್ತಕ ಸಿಕ್ಕಿದರೆ ಕಿತ್ತುಕೊಂಡು ಮನೆಗೆ ತಿಳಿಸುವುದೆಂಬ ನಿಯಮವನ್ನು ಮಾಡಿದವರು ನಾವೇ. ಪುಸ್ತಕವು ಅವಳ ಗೆಳತಿಯದು. ಅದನ್ನು ತೋರಿಸಿದ್ದರೆ ಗೆಳತಿಗೂ ಶಿಕ್ಷೆಯಾಗುತ್ತಿತ್ತು. ಆದ್ದರಿಂದ ಕಳ್ಳಿಯೆನ್ನಿಸಿಕೊಂಡರೂ ಬಾಯಿ ಬಿಡಲಿಲ್ಲ.

ಅಂದೇ ಬಸ್ಸು ಹತ್ತಿ ಅವರ ಊರಿಗೆ ಹೋದೆವು. ಶಾಲೆ ಬಿಡಿಸಿ ಮದುವೆ ಮಾಡುವ ಮಾತು ಆಗಲೇ ಮನೆಯಲ್ಲಿ ಎದ್ದಿತ್ತು. ತಂದೆಯ ಮುಂದೆಯೂ ಮಗಳ ಮುಂದೆಯೂ ಕ್ಷಮೆ ಕೇಳಿದೆವು. ಆತನು ಬಹಳ ಹೊತ್ತು ಸುಮ್ಮನಿದ್ದು, “ಟೀಚರಮ್ಮ, ನೀವು ಕಾಗದ ಬರೆದಿರಿ, ನಾನೂ ನಂಬಿದೆ. ನನ್ನ ಮಗಳನ್ನು ನಾನೂ ಒಂದು ಮಾತು ಕೇಳಲಿಲ್ಲ” ಎಂದನು. ಹುಡುಗಿಯು ಕೇಳಿದ್ದು ಒಂದೇ: “ಟೀಚರ್, ಆ ಪುಸ್ತಕವನ್ನು ಅವಳಿಗೆ ಹಿಂದಕ್ಕೆ ಕೊಡಬಹುದೇ?” ಸೋಮವಾರ ಅವಳು ಶಾಲೆಗೆ ಬಂದಳು. ಯಾವ ತರಗತಿಯ ಎದುರಿಗೆ ಅವಳನ್ನು ಗದರಿಸಿದ್ದೆವೋ ಅದೇ ತರಗತಿಯ ಎದುರಿಗೆ ನಾವು ನಮ್ಮ ತಪ್ಪನ್ನು ಒಪ್ಪಿಕೊಂಡೆವು.

ಅಷ್ಟು ಹೊತ್ತಿಗೆ ನಾವು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಓದಿದ್ದೆವು. ಎದುರಿಗೆ ಕಂಡವನೇ ಕಳ್ಳನಲ್ಲವೆಂದು ಅವುಗಳಲ್ಲಿ ಪ್ರತಿಯೊಂದೂ ಹೇಳುತ್ತದೆ. ಆದರೂ ಲಕೋಟೆಯನ್ನು ಕೊನೆಯ ಸಲ ಕಂಡವರು ಯಾರು, ಎಲ್ಲಿ ಎಂಬ ಮೊದಲನೆಯ ಪ್ರಶ್ನೆಯನ್ನೇ ನಾವು ಕೇಳಲಿಲ್ಲ. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬ ನಮ್ಮ ಗಾದೆಯನ್ನು ಮಕ್ಕಳಿಗೆ ಬರೆಸಿದ್ದೆವು. ನಾವು ಪ್ರಮಾಣಿಸಿ ನೋಡಲಿಲ್ಲ. ಓದಿದ್ದು ಬೇರೆ, ಓದಿನಿಂದ ಕಲಿತದ್ದು ಬೇರೆ.

೨. ಪತ್ತೇದಾರಿ ಕಾದಂಬರಿಯ ಒಳ್ಳೆಯ ಗುಣ ಮತ್ತು ದೋಷ

ಎಡ್ಗರ್ ಆಲನ್ ಪೋ ಎಂಬ ಅಮೇರಿಕೆಯ ಲೇಖಕನು ೧೮೪೧ರಲ್ಲಿ ಬರೆದ ಒಂದು ಕಥೆಯನ್ನು ಈ ಜಾತಿಯ ಮೊದಲನೆಯದೆಂದು ಎಣಿಸುವುದು ವಾಡಿಕೆ. ೧೮೮೭ರಲ್ಲಿ ಶೆರ್ಲಾಕ್ ಹೋಮ್ಸನು ಕಾಣಿಸಿಕೊಂಡನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಶಾಲೆಯಲ್ಲಿ ಕೆಲಸ ಮಾಡಿ ವಿಷಗಳ ಗುಣಗಳನ್ನು ಕಲಿತ ಅಗಾಥಾ ಕ್ರಿಸ್ಟಿಯವರ ಮೊದಲ ಕಾದಂಬರಿಯು ೧೯೨೦ರಲ್ಲಿ ಬಂದಿತು. ೧೯೨೯ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿಯವರು, ತಾವೂ ಇಂಥ ಕಥೆಗಳನ್ನು ಬರೆಯುತ್ತಿದ್ದವರು, ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆಗಳನ್ನು ವಿಧಿಸಿದರು. ಅವುಗಳಲ್ಲಿ ಮುಖ್ಯವಾದ ಒಂದರ ತಾತ್ಪರ್ಯವೇನೆಂದರೆ, ಪತ್ತೇದಾರನಿಗೆ ಸಿಕ್ಕಿದ ಸುಳಿವನ್ನೆಲ್ಲ ಓದುಗನಿಗೂ ಆಗಲೇ ತೋರಿಸತಕ್ಕದ್ದು, ಒಂದನ್ನೂ ಬಚ್ಚಿಡಕೂಡದು. ಆದ್ದರಿಂದಲೇ ಒಳ್ಳೆಯ ಪತ್ತೇದಾರಿ ಕಾದಂಬರಿಯ ಕೊನೆಗೆ ಬಂದಾಗ ನಮಗೆ ನಾಚಿಕೆಯಾಗುತ್ತದೆ. ಸುಳಿವುಗಳೆಲ್ಲ ಕಣ್ಣೆದುರಿಗೇ ಇದ್ದವು; ನಾವೇ ಕಾಣಲಿಲ್ಲ. ಮುಖ ನೋಡಿ, ಮಾತಿನ ನಯ ನೋಡಿ, ಒಬ್ಬರನ್ನು ನಂಬಿದೆವು, ಒಬ್ಬರನ್ನು ಸಂಶಯಿಸಿದೆವು. ಈ ನಾಚಿಕೆಯೇ ಅಂಥ ಪುಸ್ತಕದ ಪಾಠ.

ನಮ್ಮ ನಾಡಿನಲ್ಲಿ ಎನ್. ನರಸಿಂಹಯ್ಯನವರು (೧೯೨೫–೨೦೧೧) ಐನೂರಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ನಮ್ಮ ಓದುಗರ ಮನೆಗಳಲ್ಲಿ ಹಿರಿಯರು ಬಲ್ಲರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವರು ಎಷ್ಟೋ ಮಂದಿಗೆ ಕನ್ನಡ ಓದುವ ಚಟವನ್ನು ಹಿಡಿಸಿದರು. ಇದನ್ನು ಪಂಡಿತರು ಅಲ್ಲಗಳೆಯಬಹುದು. ಗ್ರಂಥಭಂಡಾರವನ್ನು ನೋಡಿಕೊಂಡ ಉಪಾಧ್ಯಾಯಿನಿಯು ಅಲ್ಲಗಳೆಯಲಾರಳು.

ಇನ್ನು ದೋಷ. ಇಂಥ ಅನೇಕ ಪುಸ್ತಕಗಳಲ್ಲಿ ಸತ್ತವರಿಗಾಗಿ ಅಳುವವರೇ ಇರುವುದಿಲ್ಲ. ಒಂದು ಜೀವವು ಹೋಯಿತೆಂಬುದು ಬೀಜಗಣಿತದ ಒಂದು ಲೆಕ್ಕದಂತೆ ಆಗಿಬಿಡುತ್ತದೆ. ಅದಕ್ಕಿಂತಲೂ ದೊಡ್ಡ ಲೋಪವೊಂದುಂಟು. ಸುಳ್ಳು ಸಂಶಯಕ್ಕೆ ಗುರಿಯಾದವರು ಆಮೇಲೆ ಹೇಗೆ ಬಾಳಿದರೆಂಬುದನ್ನು ಆ ಪುಸ್ತಕಗಳು ಹೇಳುವುದಿಲ್ಲ. ನಿಜವಾದ ಅಪರಾಧಿಯು ಸಿಕ್ಕಿದ ಕೂಡಲೇ ಉಳಿದವರೆಲ್ಲ ಚಹಾ ಕುಡಿದು ಮನೆಗೆ ಹೋಗುತ್ತಾರೆ. ನಮ್ಮ ಹುಡುಗಿಯು ಹಾಗೆ ಹೋಗಲಿಲ್ಲವೆಂದು ನಾವು ಬಲ್ಲೆವು. ಶಾಲೆಗೆ ಮರಳಿದ ಮೇಲೆಯೂ ಅವಳು ಬಹಳ ದಿನ ಕಪಾಟುಗಳಿರುವ ಕೋಣೆಯೊಳಗೆ ಒಬ್ಬಳೇ ಕಾಲಿಡುತ್ತಿರಲಿಲ್ಲ.

ಈ ಲೋಪವಿಲ್ಲದ ಒಂದು ಪುಸ್ತಕವನ್ನು ಹೇಳುತ್ತೇವೆ. ಡೊರೊತಿ ಸೇಯರ್ಸರ ‘ಗಾಡಿ ನೈಟ್’ (೧೯೩೫). ಲೇಖಕಿಯು ಆಕ್ಸ್‌ಫರ್ಡಿನ ಸಾಮರ್ವಿಲ್ ಕಾಲೇಜಿನಲ್ಲಿ ಓದಿದವರು. ಆ ವಿಶ್ವವಿದ್ಯಾಲಯವು ಹೆಂಗಸರಿಗೆ ಮೊದಲು ಪದವಿ ಕೊಟ್ಟ ೧೯೨೦ರಲ್ಲಿಯೇ ಪದವಿ ಪಡೆದವರು. ಕಥೆಯು ನಡೆಯುವುದು ಒಂದು ಕಲ್ಪಿತ ಮಹಿಳಾ ಕಾಲೇಜಿನಲ್ಲಿ. ಅಲ್ಲಿ ಕೊಲೆಯಿಲ್ಲ. ಯಾರೋ ಹೆಸರಿಲ್ಲದ ಹೊಲಸು ಕಾಗದಗಳನ್ನು ಕಳುಹಿಸುತ್ತಾರೆ, ಪುಸ್ತಕಗಳನ್ನು ಹಾಳುಮಾಡುತ್ತಾರೆ. ಮದುವೆಯಾಗದೆ ವಿದ್ಯೆಗೇ ಜೀವನವನ್ನು ಮುಡಿಪಾಗಿಟ್ಟ ಹೆಂಗಸರ ಬುದ್ಧಿಯು ಕೆಡುವುದೆಂಬ ಲೋಕದ ಹಳೆಯ ಮಾತಿನಿಂದ ಸಂಶಯವೆಲ್ಲ ಆ ಉಪಾಧ್ಯಾಯಿನಿಯರ ಮೇಲೆಯೇ ಹೋಗುತ್ತದೆ. ಅವರು ಒಬ್ಬರನ್ನೊಬ್ಬರು ಸಂಶಯಿಸತೊಡಗುತ್ತಾರೆ. ಒಂದು ಸಂಸ್ಥೆಯನ್ನು ಅಪರಾಧವು ಕೆಡಿಸುವುದಕ್ಕಿಂತ ಹೆಚ್ಚಾಗಿ ಸಂಶಯವು ಹೇಗೆ ಕೆಡಿಸುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಪುಸ್ತಕವನ್ನು ನಾವು ಓದಿಲ್ಲ. ಅಪರಾಧಿಯು ಯಾರೆಂಬುದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಓದುಗರಿಗೆ ದ್ರೋಹ ಮಾಡಿದಂತಾದೀತು.

೩. ಪ್ರಣಯ ಕಾದಂಬರಿಯ ವಿಷಯ

ಈಗಿನ ಪ್ರಣಯ ಕಾದಂಬರಿಗಳಲ್ಲಿ ಬಹುಭಾಗವು ಒಂದೇ ಅಚ್ಚಿನಲ್ಲಿ ಎರೆದವು. ನಾಯಕನು ಐಶ್ವರ್ಯವಂತ, ಮುಂಗೋಪಿ. ಮೊದಲ ಭೇಟಿಯಲ್ಲಿಯೇ ನಾಯಿಕೆಯನ್ನು ಅವಮಾನಗೊಳಿಸುತ್ತಾನೆ. ಅವಳು ಎಲ್ಲಿಗೆ ಹೋದಳು, ಯಾರೊಡನೆ ಮಾತನಾಡಿದಳು ಎಂದು ಸದಾ ವಿಚಾರಿಸುತ್ತಾನೆ. ಅವನ ಕೋಪವೆಲ್ಲ ಪ್ರೀತಿಯ ಗುರುತೆಂದು ಕೊನೆಯ ಅಧ್ಯಾಯದಲ್ಲಿ ತಿಳಿಯುತ್ತದೆ. ಹುಡುಗಿಯರೇ, ಇದು ಸುಳ್ಳು ಸುಳಿವು. ಕೋಪವು ಕೋಪದ ಗುರುತೇ ಹೊರತು ಪ್ರೀತಿಯ ಗುರುತಲ್ಲ. ಈ ಪುಸ್ತಕಗಳಲ್ಲಿ ಮುತ್ತಿಡುವ ಪ್ರಸಂಗ ಬರುತ್ತದೆಂದು ತಾಯಂದಿರು ಅಂಜುತ್ತಾರೆ. ನಮಗೆ ಅದಕ್ಕಿಂತ ಈ ತಪ್ಪು ಲೆಕ್ಕದ ಅಂಜಿಕೆಯೇ ಹೆಚ್ಚು.

ಒಳ್ಳೆಯ ಪ್ರಣಯ ಕಾದಂಬರಿಯು ಹೀಗಲ್ಲ. ಅದೂ ಒಂದು ಬಗೆಯ ಪತ್ತೇದಾರಿ ಕಾದಂಬರಿಯೇ. ಇಲ್ಲಿ ಪತ್ತೆಯಾಗಬೇಕಾದದ್ದು ಅಪರಾಧವಲ್ಲ, ಒಬ್ಬ ಮನುಷ್ಯನ ಗುಣ. ೧೮೧೩ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್ನರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಇದಕ್ಕೆ ಉತ್ತಮ ನಿದರ್ಶನ. ಎಲಿಜಬೆತ್ ಎಂಬ ಬುದ್ಧಿವಂತೆಯು ಇಬ್ಬರು ಗಂಡಸರ ವಿಷಯದಲ್ಲಿ ಪೂರ್ತಿಯಾಗಿ ಮೋಸಹೋಗುತ್ತಾಳೆ. ವಿಕಮ್ ಎಂಬವನು ಸುಂದರ, ಮಾತುಗಾರ. ಡಾರ್ಸಿಯು ತನಗೆ ಅನ್ಯಾಯ ಮಾಡಿದನೆಂದು ಪರಿಚಯವಾದ ಒಂದೆರಡು ದಿನಗಳಲ್ಲಿಯೇ ಅವಳ ಮುಂದೆ ಹೇಳಿಕೊಳ್ಳುತ್ತಾನೆ. ಡಾರ್ಸಿಯಾದರೋ ಗರ್ವಿಷ್ಠನಾಗಿ ಕಾಣುತ್ತಾನೆ. ಅವಳು ಮೊದಲನೆಯವನನ್ನು ನಂಬುತ್ತಾಳೆ. ಆಮೇಲೆ ಡಾರ್ಸಿಯ ಕಾಗದವೊಂದು ಬರುತ್ತದೆ. ಅವಳು ಅದನ್ನು ಮೊದಲು ಕೋಪದಿಂದ ಓದಿ, ಮಡಿಚಿಟ್ಟು, ತಿರುಗಿ ತೆಗೆದು ಒಂದೊಂದು ವಾಕ್ಯವನ್ನೂ ತೂಗಿ ನೋಡುತ್ತಾಳೆ. ಆಗ ತಿಳಿಯುತ್ತದೆ: ಪರಿಚಯವಿಲ್ಲದವಳ ಮುಂದೆ ವಿಕಮನು ತನ್ನ ಗೋಳನ್ನೆಲ್ಲ ಹೇಳಿಕೊಂಡದ್ದೇ ಅನುಚಿತ, ಡಾರ್ಸಿಗೆ ಅಂಜುವವನಲ್ಲವೆಂದವನು ಅವನಿರುವ ನೃತ್ಯಕೂಟಕ್ಕೆ ಬರಲಿಲ್ಲ, ಅವನು ಊರು ಬಿಟ್ಟ ಮೇಲೆ ಮಾತ್ರ ಊರಿಗೆಲ್ಲ ದೂರನ್ನು ಹರಡಿದನು. ಸುಳಿವುಗಳೆಲ್ಲ ಮೊದಲೇ ಇದ್ದವು. ಮುಂದೆ ಡಾರ್ಸಿಯ ಮನೆಗೆ ಹೋದಾಗ, ಅವನನ್ನು ಚಿಕ್ಕಂದಿನಿಂದ ಬಲ್ಲ ಮುದುಕಿಯಾದ ಮನೆವಾಳ್ತೆಗಿತ್ತಿಯ ಬಾಯಿಂದ ಅವನ ಒಳ್ಳೆಯತನವನ್ನು ಕೇಳುತ್ತಾಳೆ. ಒಬ್ಬನನ್ನು ಅರಿಯಬೇಕಾದರೆ ಅವನ ಕೈಕೆಳಗಿನವರನ್ನು ಕೇಳು ಎಂಬ ಈ ಪಾಠವು ಇನ್ನೂರು ವರ್ಷ ಕಳೆದರೂ ಹಳತಾಗಿಲ್ಲ.

ಈಚಿನದೊಂದನ್ನು ನೋಡೋಣ. ಕಾಲೀನ್ ಹೂವರ್ ಎಂಬ ಅಮೇರಿಕೆಯ ಲೇಖಕಿಯ ‘ಇಟ್ ಎಂಡ್ಸ್ ವಿತ್ ಅಸ್’ (೨೦೧೬) ಎಂಬ ಕಾದಂಬರಿಯು ದೇಶದೇಶಗಳಲ್ಲಿ ಹರಡಿ, ೨೦೨೪ರಲ್ಲಿ ಚಲಚ್ಚಿತ್ರವೂ ಆಯಿತು. ಕಾಲೇಜಿಗೆ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ಕೈಯಿಂದ ಕೈಗೆ ದಾಟಿಸುವುದನ್ನು ಕಂಡು, ನಾವೂ ತರಿಸಿ ಓದಿದೆವು. ಇದರಲ್ಲಿ ಶಯ್ಯಾಗೃಹದ ವರ್ಣನೆಗಳು ಮಿತಿಮೀರಿವೆ. ಶಾಲೆಯ ಹುಡುಗಿಯರಿಗೆ ತಕ್ಕುದಲ್ಲ. ಆದರೆ ಪುಸ್ತಕವನ್ನು ಅಷ್ಟಕ್ಕೇ ತಳ್ಳಿಹಾಕುವುದು ನ್ಯಾಯವಲ್ಲ. ಲಿಲಿ ಎಂಬವಳು ತಂದೆಯು ತಾಯಿಯನ್ನು ಹೊಡೆಯುವುದನ್ನು ನೋಡುತ್ತ ಬೆಳೆದವಳು. ತಾಯಿಯೇಕೆ ಸಹಿಸಿದಳೆಂದು ಅವಳಿಗೆ ಸಿಟ್ಟು. ಬಾಸ್ಟನ್ ನಗರದಲ್ಲಿ ಹೂವಿನ ಅಂಗಡಿಯನ್ನಿಟ್ಟು, ವಿದ್ಯಾವಂತನೂ ರೂಪವಂತನೂ ಆದ ಒಬ್ಬ ವೈದ್ಯನನ್ನು ಮೆಚ್ಚುತ್ತಾಳೆ. ಒಂದು ದಿನ ಅವನೂ ಕೈಯೆತ್ತುತ್ತಾನೆ. ಆಗ ತಾಯಿಯಂತೆಯೇ ತಾನೂ ನೆಪಗಳನ್ನು ಹುಡುಕುತ್ತಿರುವುದನ್ನು ಅವಳು ಕಾಣುತ್ತಾಳೆ. ಕೊನೆಗೆ ಹೆಣ್ಣುಮಗು ಹುಟ್ಟಿದ ಮೇಲೆ, ಈ ಮಗಳೇ ಮುಂದೆ ಬಂದು ತನ್ನ ಗಂಡ ಹೊಡೆದನೆಂದರೆ ನೀನು ಏನು ಹೇಳುವೆಯೆಂದು ಗಂಡನನ್ನೇ ಕೇಳಿ, ಅವನನ್ನು ಬಿಡುತ್ತಾಳೆ. ಕೆಟ್ಟವನ ಮುಖದಲ್ಲಿ ಕೆಟ್ಟತನವು ಬರೆದಿರುವುದಿಲ್ಲವೆಂದೂ, ದೂರದಿಂದ ನೋಡಿ ‘ಅವಳೇಕೆ ಬಿಟ್ಟು ಬರಲಿಲ್ಲ’ ಎನ್ನುವುದು ಸುಲಭವೆಂದೂ ಈ ಪುಸ್ತಕವು ಕಲಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದನ್ನು ಮೊದಲು ಓದತಕ್ಕವರು ತಾಯಂದಿರು.

೪. ಎರಡೂ ಕೂಡಿದ ಒಂದು ಪುಸ್ತಕ

ಪತ್ತೇದಾರಿಯೂ ಪ್ರಣಯವೂ ಸೇರಿದ ಈಚಿನ ಪುಸ್ತಕಗಳಲ್ಲಿ ನಮಗೆ ಅತ್ಯಂತ ಮೆಚ್ಚಿಗೆಯಾದದ್ದು ಸುಜಾತಾ ಮ್ಯಾಸಿಯವರ ‘ದಿ ವಿಡೋಸ್ ಆಫ್ ಮಲಬಾರ್ ಹಿಲ್’ (೨೦೧೮). ಕಾಲ ೧೯೨೧, ಸ್ಥಳ ಮುಂಬಯಿ. ಪರ್ವೀನ್ ಮಿಸ್ತ್ರಿ ಎಂಬ ಪಾರಸೀ ಯುವತಿಯು ತಂದೆಯ ವಕೀಲಿ ಕಚೇರಿಯಲ್ಲಿ ಕೆಲಸಮಾಡುತ್ತಾಳೆ. ಒಬ್ಬ ಗಿರಣಿ ಮಾಲಿಕನು ತೀರಿಕೊಂಡು, ಗೋಷಾದಲ್ಲಿರುವ ಅವನ ಮೂವರು ವಿಧವೆಯರು ತಮ್ಮ ಆಸ್ತಿಯನ್ನೆಲ್ಲ ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟಿರುವುದಾಗಿ ಕಾಗದ ಬರುತ್ತದೆ. ಅದರಲ್ಲಿ ಒಬ್ಬಳ ರುಜುವಿನ ಸ್ಥಳದಲ್ಲಿ ಬರಿಯ ಕತ್ತರಿ ಗುರುತು! ಓದಲು ಬಾರದವಳು ತಾನು ಬಿಟ್ಟುಕೊಟ್ಟದ್ದೇನೆಂದು ಬಲ್ಲಳೇ? ಗಂಡಸು ವಕೀಲರು ಒಳಗೆ ಹೋಗುವಂತಿಲ್ಲ, ಪರ್ವೀನಳು ಹೋಗಬಲ್ಲಳು. ಅಲ್ಲಿಂದ ಕಥೆಯು ಬೆಳೆಯುತ್ತದೆ.

ಇದರೊಡನೆ ಅವಳ ಹಿಂದಿನ ಕಥೆಯೂ ಹೆಣೆದು ಬರುತ್ತದೆ. ಕೆಲವು ವರ್ಷಗಳ ಹಿಂದೆ ಅವಳು ಕಾನೂನು ವ್ಯಾಸಂಗವನ್ನು ಬಿಟ್ಟು, ಕೆಲವೇ ಭೇಟಿಗಳಲ್ಲಿ ಮನಸೋತು, ಕಲ್ಕತ್ತೆಯ ತರುಣನೊಬ್ಬನನ್ನು ಮದುವೆಯಾಗಿದ್ದಳು. ಅತ್ತೆಯ ಮನೆಯಲ್ಲಿ ಮುಟ್ಟಿನ ದಿನಗಳಲ್ಲಿ ಒಂದು ಚಿಕ್ಕ ಕೋಣೆಯ ಸೆರೆ. ಗಂಡನಿಂದ ದ್ರೋಹ ಮತ್ತು ಪೆಟ್ಟು. ಅಂದಿನ ಕಾನೂನಿನಲ್ಲಿ ಅವಳಿಗೆ ಪ್ರತ್ಯೇಕವಾಗಿ ವಾಸಿಸುವ ಹಕ್ಕು ದೊರೆಯಿತೇ ಹೊರತು ಪೂರ್ಣ ಬಿಡುಗಡೆ ದೊರೆಯಲಿಲ್ಲ. ಓದದೆ ಕಾಗದಕ್ಕೆ ಗುರುತು ಹಾಕಿದ ಆ ವಿಧವೆಗೂ, ಗುಣವನ್ನು ಅರಿಯದೆ ಮದುವೆಗೆ ಒಪ್ಪಿದ ಈ ವಿದ್ಯಾವಂತೆಗೂ ಎಷ್ಟು ಭೇದ? ಇದೇ ಪುಸ್ತಕದ ಹೃದಯವೆಂದು ನಮಗೆ ಕಾಣುತ್ತದೆ. ಆದರೆ ಬೆಂದ ಕೈಯೇ ಬೇರೊಬ್ಬರ ಸುಟ್ಟ ಗಾಯವನ್ನು ಮೆತ್ತಗೆ ಮುಟ್ಟಬಲ್ಲದು. ಪರ್ವೀನಳು ಆ ಹೆಂಗಸರ ಮಾತನ್ನು ತಾಳ್ಮೆಯಿಂದ ಕೇಳುತ್ತಾಳೆ.

ಈ ಪಾತ್ರದ ಹಿಂದೆ ನಿಜವಾಗಿ ಬಾಳಿದವರ ನೆರಳುಂಟು. ಅವರಲ್ಲಿ ಒಬ್ಬರು ಕಾರ್ನೀಲಿಯಾ ಸೊರಾಬ್ಜಿ (೧೮೬೬–೧೯೫೪). ಅವರ ತಂದೆ ಕ್ರೈಸ್ತ ಪಾದ್ರಿಗಳು; ತಾಯಿಯು ಪುಣೆಯಲ್ಲಿ ಶಾಲೆಗಳನ್ನು ನಡೆಸಿದವರು. ಕಾರ್ನೀಲಿಯಾ ೧೮೯೨ರಲ್ಲಿ ಆಕ್ಸ್‌ಫರ್ಡಿನ ಕಾನೂನು ಪರೀಕ್ಷೆಯಲ್ಲಿ ಕುಳಿತು ತೇರ್ಗಡೆಯಾದರೂ, ಹೆಂಗಸೆಂಬ ಕಾರಣದಿಂದ ಪದವಿಗಾಗಿ ಸುಮಾರು ಮೂವತ್ತು ವರ್ಷ ಕಾಯಬೇಕಾಯಿತು. ಹೆಂಗಸರು ವಕೀಲರಾಗಬಹುದೆಂಬ ಕಾಯಿದೆಯು ನಮ್ಮ ದೇಶದಲ್ಲಿ ಬಂದದ್ದು ೧೯೨೩ರಲ್ಲಿ. ಅದಕ್ಕೂ ಮುಂಚೆಯೇ, ೧೯೦೪ರಿಂದ, ಅವರು ಬಂಗಾಳದಲ್ಲಿ ಗೋಷಾ ಸ್ತ್ರೀಯರ ಆಸ್ತಿಪಾಸ್ತಿಯ ಹಿತವನ್ನು ಸರಕಾರದ ಕಡೆಯಿಂದ ನೋಡಿಕೊಳ್ಳುತ್ತಿದ್ದರು.

೫. ನಮ್ಮ ಭಾಷೆಯಲ್ಲಿ

ಇಂಗ್ಲಿಷಿನ ಪುಸ್ತಕಗಳನ್ನೇ ಹೇಳಿದೆವೆಂದು ಯಾರೂ ಬೇಸರಪಡಬಾರದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ೧೮೯೯ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಬಾಲವಿಧವೆಯೊಬ್ಬಳು ಓದು ಕಲಿತು ಮರುಮದುವೆಯಾಗುವ ಆ ಕಥೆಯಲ್ಲಿ ಪ್ರೀತಿಗಿಂತ ಮೊದಲು ವಿದ್ಯೆಯು ಬರುತ್ತದೆಂಬುದನ್ನು ಗಮನಿಸಿರಿ. ತ್ರಿವೇಣಿಯವರ (೧೯೨೮–೧೯೬೩) ‘ಶರಪಂಜರ’ವನ್ನು ನಮ್ಮ ಹಿರಿಯ ತರಗತಿಯವರು ಓದಲೇಬೇಕು. ಬಾಣಂತಿತನದಲ್ಲಿ ಚಿತ್ತಸ್ವಾಸ್ಥ್ಯ ಕೆಟ್ಟು, ಗುಣಹೊಂದಿ ಮನೆಗೆ ಬಂದ ಕಾವೇರಿಯನ್ನು ಮನೆಯವರೂ ನೆರೆಯವರೂ ಹಳೆಯ ಕಣ್ಣಿನಿಂದಲೇ ನೋಡುತ್ತಾರೆ. ಅವಳು ನಕ್ಕರೂ ಹುಚ್ಚಿನ ಗುರುತು, ಸಿಟ್ಟಾದರೂ ಹುಚ್ಚಿನ ಗುರುತು. ತಪ್ಪಾಗಿ ಓದಿದ ಸುಳಿವುಗಳಿಂದಲೇ ಒಂದು ಜೀವವು ಹಾಳಾಗುವುದನ್ನು ಅದರಲ್ಲಿ ಕಾಣುವಿರಿ. ಅದನ್ನು ಓದಿದಾಗಲೆಲ್ಲ ನಮಗೆ ಆ ಸಾಯಂಕಾಲ ತಲೆ ತಗ್ಗಿಸಿ ನಿಂತಿದ್ದ ಹುಡುಗಿಯು ಕಣ್ಣಮುಂದೆ ಬರುತ್ತಾಳೆ.

೬. ಅಭ್ಯಾಸ

ಆದ್ದರಿಂದ ಕಾದಂಬರಿಯನ್ನು ಓದುವಾಗ ಪಕ್ಕದಲ್ಲಿ ಒಂದು ಪುಸ್ತಕವನ್ನಿಟ್ಟುಕೊಂಡು ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

(೧) ಈ ಪಾತ್ರವು ಒಳ್ಳೆಯದು ಅಥವಾ ಕೆಟ್ಟದ್ದು ಎಂದು ನಾನು ಯಾವ ಪುಟದಲ್ಲಿ ತೀರ್ಮಾನಿಸಿದೆ? ಆ ಹೊತ್ತಿಗೆ ನನಗೆ ತಿಳಿದಿದ್ದ ಸಂಗತಿಗಳೆಷ್ಟು?

(೨) ಅವನು ಆಡಿದ್ದೇನು, ಮಾಡಿದ್ದೇನು? ಎರಡಕ್ಕೂ ಹೊಂದಿಕೆಯುಂಟೇ?

(೩) ತನ್ನಿಂದ ಏನೂ ಲಾಭವಿಲ್ಲದವರೊಡನೆ, ಆಳುಗಳೊಡನೆ, ವೃದ್ಧರೊಡನೆ, ಅವನ ನಡತೆ ಹೇಗೆ?

(೪) ಸುಮ್ಮನಿದ್ದವರು ಏಕೆ ಸುಮ್ಮನಿದ್ದರು? ಅವರ ಮೌನಕ್ಕೆ ಬೇರೆ ಕಾರಣವಿರಬಹುದೇ?

(೫) ಸಂಶಯಕ್ಕೆ ಗುರಿಯಾದ ನಿರಪರಾಧಿಗೆ ಕೊನೆಯಲ್ಲಿ ಯಾರಾದರೂ ಕ್ಷಮೆ ಕೇಳಿದರೇ?

ನಮ್ಮ ಹಳೆಯ ನಿಯಮವನ್ನು ನಾವು ಆ ವರ್ಷವೇ ತೆಗೆದುಹಾಕಿದೆವು. ಇಲ್ಲಿಯೂ ಅಂಥ ನಿಯಮವಿಲ್ಲ. ಕಾದಂಬರಿಯನ್ನು ಓದುವವಳು ಗ್ರಂಥಭಂಡಾರದ ಮೇಜಿನ ಮೇಲೆ ಬಹಿರಂಗವಾಗಿ ಇಟ್ಟು ಓದಬಹುದು. ವಯಸ್ಸಿಗೆ ತಕ್ಕುದಲ್ಲದ್ದಾದರೆ ಕಾರಣವನ್ನು ಹೇಳಿಯೇ ಹಿಂದಕ್ಕೆ ಇಡಿಸುತ್ತೇವೆ, ಕಿತ್ತುಕೊಳ್ಳುವುದಿಲ್ಲ. ತಾಯಿತಂದೆಗಳೂ ಮನೆಯಲ್ಲಿ ಹೀಗೆಯೇ ಮಾಡಬೇಕೆಂದು ಕೇಳಿಕೊಳ್ಳುತ್ತೇವೆ. ಮಗಳು ದಿಂಬಿನ ಕೆಳಗೆ ಪುಸ್ತಕವನ್ನು ಅಡಗಿಸಲು ಕಲಿತರೆ, ನಾಳೆ ಅದಕ್ಕಿಂತ ದೊಡ್ಡ ದುಃಖವನ್ನೂ ಹಾಗೆಯೇ ಅಡಗಿಸಿಯಾಳು.

ಆ ಹುಡುಗಿಯು ಈಗ ಇನ್ನೊಂದು ಊರಿನಲ್ಲಿ ಉಪಾಧ್ಯಾಯಿನಿ. ಕಳೆದ ವರ್ಷ ನಮಗೆ ಕಾಗದ ಬರೆದಿದ್ದಳು. ಅವಳ ತರಗತಿಯಲ್ಲಿ ಒಂದು ಕೈಗಡಿಯಾರವು ಕಾಣೆಯಾಯಿತಂತೆ. ಎಲ್ಲರೂ ಒಬ್ಬ ಹುಡುಗನ ಹೆಸರನ್ನೇ ಹೇಳಿದರಂತೆ. “ನಾನು ಯಾರ ಚೀಲವನ್ನೂ ಬಿಚ್ಚಿಸಲಿಲ್ಲ ಟೀಚರ್, ಗಡಿಯಾರವನ್ನು ಕೊನೆಗೆ ಎಲ್ಲಿ ಬಿಚ್ಚಿಟ್ಟೆಯೆಂದು ಕಳೆದುಕೊಂಡವನನ್ನೇ ಮೊದಲು ಕೇಳಿದೆ” ಎಂದು ಬರೆದಿದ್ದಳು. ಅದು ನೀರಿನ ನಲ್ಲಿಯ ಬಳಿಯಲ್ಲಿ ಸಿಕ್ಕಿತಂತೆ.